ಹುಳು ಮನೆಯ ಬಿಸಿ, ತೇವ ಹೇಳುವ ಪುಟ್ಟ ಬ್ಲೂಟೂತ್ ಬೋರ್ಡ್: ಕಟ್ಟಿದ್ದು ಹೇಗೆ, ಪ್ರೋಗ್ರಾಂ ಬರೆದದ್ದು ಹೇಗೆ

ರೇಷ್ಮೆ ಹುಳು ಸಾಕುವವರಿಗೆ ಒಂದೆರಡು ಡಿಗ್ರಿ ಅನ್ನೋದು ಸಣ್ಣ ವಿಷಯವಲ್ಲ. ಎರಡನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಕಳೆದು, ಮರಿ ಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಮನೆಗೆ ಬಂದ ಮೂರನೇ ಹಂತದ ಹುಳುವಿಗೆ ಸುಮಾರು 26 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 80ರಷ್ಟು ತೇವ ಬೇಕು. ನಾಲ್ಕನೇ ಹಂತಕ್ಕೆ ಬಿಸಿ 25 ಡಿಗ್ರಿ, ಐದನೇ ಹಂತಕ್ಕೆ 24. ತೇವವೂ ಹಾಗೇ ಇಳಿಯುತ್ತಾ ಕೊನೆಗೆ ಶೇ 70ಕ್ಕೆ ಬರಬೇಕು. ದ್ವಿತಳಿ ಅನ್ನೋ ಜಾತಿಯ ಹುಳುಗಳು ಮಿಶ್ರತಳಿಯವಕ್ಕಿಂತ ನಾಜೂಕು, ಬಿಸಿ ಜಾಸ್ತಿಯಾದರೆ ತಡೆಯುವುದಿಲ್ಲ. ಶಿಡ್ಲಘಟ್ಟದ ಕಡೆ ಇರುವ ನಮ್ಮ ಚಿಕ್ಕಪ್ಪನ ಹುಳು ಮನೆಯಲ್ಲಿ ಗೋಡೆಗೆ ಒಣ-ತೇವ ಜೋಡಿ ಥರ್ಮಾಮೀಟರ್ ಇದೆ, ಅದು ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಅದನ್ನು ನೋಡುವವರು ಯಾರು? "ಗೋಣಿ ಒಣಗಿದ್ದು ನನಗೆ ಗೊತ್ತಾಗೋದೇ ಬೆಳಗ್ಗೆ ಕಣೋ" ಅಂತ ಚಿಕ್ಕಪ್ಪ ಅಂದರು, ಮನೆ ತಂಪಾಗಿರಲೆಂದು ಇಳಿಬಿಡುವ ಒದ್ದೆ ಗೋಣಿಯ ಮಾತು ಅದು. ಹಾಗಾಗಿ ಈ ಕೆಲಸಕ್ಕೆ ಕೈ ಹಾಕಿದೆ.

ಬೋರ್ಡ್ ಆರಿಸುವಾಗ ಮೊದಲು ನೋಡಿದ್ದು ಕರೆಂಟ್ ವಿಷಯ. ಹುಳು ಮನೆಯೊಳಗೆ ಪ್ಲಗ್ ಪಾಯಿಂಟ್ ಬಾಗಿಲ ಪಕ್ಕ ಮಾತ್ರ ಇದೆ. ಹುಳು ಇರುವುದು ಮಧ್ಯದ ಅಟ್ಟಣಿಗೆಗಳಲ್ಲಿ. ಅಲ್ಲಿಗೆ ವೈರ್ ಎಳೆದರೆ ಸೊಪ್ಪು ಹಾಕುವವರ ತಲೆಗೆ ತಾಗುತ್ತದೆ, ಸೋಂಕು ನಿವಾರಣೆಗೆ ಸ್ಪ್ರೇ ಹೊಡೆಯುವಾಗ ಅಪಾಯ ಬೇರೆ. ಅಂದರೆ ಬ್ಯಾಟರಿಯಲ್ಲೇ ನಡೆಯಬೇಕು, ತಿಂಗಳುಗಟ್ಟಲೆ ನಡೆಯಬೇಕು. ಇಎಸ್‌ಪಿ32 (ವೈಫೈ ಇರುವ ಪುಟ್ಟ ಬೋರ್ಡ್) ಅಗ್ಗ, ಎಲ್ಲ ಕಡೆ ಸಿಗುತ್ತದೆ, ನನಗೂ ಇಷ್ಟ. ಆದರೆ ವೈಫೈನಲ್ಲಿ ಕಳಿಸುವ ಕ್ಷಣಕ್ಕೆ ಅದು 200 ಮಿಲಿ ಆಂಪ್ ದಾಟುತ್ತದೆ. ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52840 ಚಿಪ್ ಬ್ಲೂಟೂತ್‌ನಲ್ಲಿ ಸಾಧಾರಣ ಶಕ್ತಿಯಿಂದ ಕೂಗುವಾಗ ಸುಮಾರು 5 ಮಿಲಿ ಆಂಪ್ ತೆಗೆದುಕೊಳ್ಳುತ್ತದೆ, ಅದೂ ಒಂದೆರಡು ಮಿಲಿ ಸೆಕೆಂಡು ಮಾತ್ರ. ಉಳಿದ ಹೊತ್ತು ಮಲಗಿರಬಹುದು. ಆ ಚಿಪ್ ಇರುವ ಸೀಡ್ ಕಂಪನಿಯ ಶಿಯಾವ್ ಎನ್‌ಆರ್‌ಎಫ್52840 ಬೋರ್ಡನ್ನೇ ತಂದೆ. ಉದ್ದ 21 ಮಿಲಿಮೀಟರ್, ಅಗಲ ಸುಮಾರು 18. ಅಷ್ಟರಲ್ಲೇ 64 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್ ಎಂ4, 1 ಎಂಬಿ ಫ್ಲ್ಯಾಶ್, 256 ಕೆಬಿ ರ್‍ಯಾಮ್, ಟೈಪ್-ಸಿ ಯುಎಸ್‌ಬಿ ಎಲ್ಲ ಇದೆ. ಮುಖ್ಯವಾಗಿ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವ ಚಿಪ್ಪೂ ಅದರಲ್ಲೇ ಇದೆ, ಬೇರೆ ಚಾರ್ಜರ್ ಬೋರ್ಡ್ ಬೇಡ.

ಸೆನ್ಸರ್‌ಗೆ ಡಿಎಚ್‌ಟಿ11 ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ಬೇಡ. ಅದರ ತಪ್ಪಿನ ಮಿತಿಯೇ 2 ಡಿಗ್ರಿ, ತೇವದಲ್ಲಿ ಶೇ 5. 24ಕ್ಕೂ 26ಕ್ಕೂ ವ್ಯತ್ಯಾಸ ಹೇಳಬೇಕಾದ ಕಡೆ ಅದು ಏನು ಹೇಳೀತು? ಸೆನ್ಸಿರಿಯನ್‌ನ ಎಸ್‌ಎಚ್‌ಟಿ40 ತಂದೆ. ಬಿಸಿಯಲ್ಲಿ 0.2 ಡಿಗ್ರಿ, ತೇವದಲ್ಲಿ ಶೇ 1.8ರಷ್ಟು ಮಾತ್ರ ಆಚೀಚೆ. ಅಳೆಯದೆ ಸುಮ್ನೆ ಇರುವಾಗ ಅದು ಒಂದು ಮೈಕ್ರೋ ಆಂಪ್ ಕೂಡ ತಿನ್ನುವುದಿಲ್ಲ.

ಈಗ ಸಾಫ್ಟ್‌ವೇರ್. ಬೋರ್ಡಿಗೆ ಪ್ರೋಗ್ರಾಂ ಬರೆಯುವ ಆರ್ಡುಯಿನೋ ಐಡಿಇಯಲ್ಲಿ ಸೀಡ್‌ನ ಬೋರ್ಡ್ ವಿಳಾಸ ಸೇರಿಸಿ ಹುಡುಕಿದರೆ ಈ ಬೋರ್ಡಿಗೆ ಎರಡು ಪ್ಯಾಕೇಜ್ ಕಾಣುತ್ತವೆ, ಹೊಸಬರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಒಂದರ ಹೆಸರಲ್ಲಿ ಎಂಬೆಡ್ ಅಂತ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಎಂಬೆಡ್ ಇರುವುದು ಮೈಕ್, ಚಲನೆ ಸೆನ್ಸರ್, ಮಷಿನ್ ಲರ್ನಿಂಗ್ ಥರದ ಕೆಲಸಗಳಿಗೆ. ಬ್ಲೂಟೂತ್ ಮತ್ತು ಕಡಿಮೆ ಕರೆಂಟು ಮುಖ್ಯ ಅಂದರೆ ಇನ್ನೊಂದನ್ನೇ ಹಾಕಿಕೊಳ್ಳಿ. ಅದು ಏಡಾಫ್ರೂಟ್‌ನವರ ಬ್ಲೂಫ್ರೂಟ್ ಲೈಬ್ರರಿಯ ಮೇಲೆ ನಿಂತಿದೆ. ಎರಡರ ಫಂಕ್ಷನ್ ಹೆಸರುಗಳು ಬೇರೆ ಬೇರೆ, ಹಾಗಾಗಿ ಒಂದಕ್ಕೆ ಬರೆದ ಕೋಡ್ ಇನ್ನೊಂದರಲ್ಲಿ ಕಂಪೈಲ್ ಆಗುವುದಿಲ್ಲ. ಎಲ್ಲಿಂದಲೋ ಕೋಡ್ ಎತ್ತಿಕೊಳ್ಳುವ ಮುಂಚೆ ಅದು ಯಾವ ಪ್ಯಾಕೇಜಿನದು ಅಂತ ನೋಡಿಕೊಳ್ಳಿ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು. ಲಿನಕ್ಸ್‌ನಲ್ಲಿ ಎರಡು ಕೆಲಸ ಜಾಸ್ತಿ. ಅಪ್‌ಲೋಡ್ ಮಾಡುವ ಏಡಾಫ್ರೂಟ್ ಎನ್‌ಆರ್‌ಎಫ್‌ಯುಟಿಲ್ ಅನ್ನೋ ಪೈಥಾನ್ ಟೂಲನ್ನು ಪಿಪ್ ಮೂಲಕ ನಾವೇ ಹಾಕಬೇಕು, ಇಲ್ಲದಿದ್ದರೆ ಕಂಪೈಲ್ ಎಲ್ಲ ಸರಿಯಾಗಿ ಆಗಿ ಕೊನೆಗೆ ಫೈಲ್ ಸಿಗಲಿಲ್ಲ ಅಂತ ನಿಂತುಬಿಡುತ್ತದೆ. ಜೊತೆಗೆ ನಮ್ಮ ಯೂಸರ್ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ ಒಮ್ಮೆ ಲಾಗ್ ಔಟ್ ಆಗಿ ಬರಬೇಕು, ಆಗ ಸೀರಿಯಲ್ ಪೋರ್ಟ್ ತೆರೆಯಲು ಅನುಮತಿ ಸಿಗುತ್ತದೆ.

ಮೊದಲ ಪ್ರೋಗ್ರಾಂ ಎಲ್‌ಇಡಿ ಮಿನುಗಿಸುವುದು, ಅದನ್ನು ಬಿಡಬೇಡಿ. ಬೋರ್ಡ್, ಕೇಬಲ್, ಪೋರ್ಟ್, ಪ್ಯಾಕೇಜ್ ನಾಲ್ಕೂ ಸರಿ ಇವೆ ಅಂತ ಅದರಿಂದಲೇ ಗೊತ್ತಾಗುವುದು. ಈ ಬೋರ್ಡಿನಲ್ಲಿ ಎಲ್‌ಇಡಿ ಉಲ್ಟಾ. ಪಿನ್ನನ್ನು ಲೋ ಮಾಡಿದರೆ ಉರಿಯುತ್ತದೆ, ಹೈ ಮಾಡಿದರೆ ಆರುತ್ತದೆ. ಬರೀ ಚಾರ್ಜಿಂಗ್ ಕೇಬಲ್ ಹಾಕಿದರೆ ಪೋರ್ಟ್ ಕಾಣುವುದಿಲ್ಲ, ಡೇಟಾ ತಂತಿ ಇರುವ ಕೇಬಲ್ಲೇ ಬೇಕು. ಎಷ್ಟು ಮಾಡಿದರೂ ಪೋರ್ಟ್ ಕಾಣದಿದ್ದರೆ ಯುಎಸ್‌ಬಿ ಪಕ್ಕದ ಪುಟ್ಟ ರೀಸೆಟ್ ಬಟನ್ನನ್ನು ಪಟಪಟ ಎರಡು ಸಲ ಒತ್ತಿ. ಬೋರ್ಡ್ ಬೂಟ್‌ಲೋಡರ್‌ಗೆ ಹೋಗಿ ಕಂಪ್ಯೂಟರ್‌ನಲ್ಲಿ ಪೆನ್ ಡ್ರೈವ್ ಥರ ಕಾಣಿಸಿಕೊಳ್ಳುತ್ತದೆ. ನಾವು ಹಾಕಿದ ಪ್ರೋಗ್ರಾಂ ಎಷ್ಟೇ ಕೆಟ್ಟು ಕೂತಿದ್ದರೂ ಈ ದಾರಿ ತೆರೆದಿರುತ್ತದೆ, ಆ ಧೈರ್ಯದಿಂದ ಏನು ಬೇಕಾದರೂ ಪ್ರಯೋಗ ಮಾಡಬಹುದು. ಬಟನ್ ತೀರಾ ಸಣ್ಣದು, ಉಗುರಿನಿಂದ ಆಗದಿದ್ದರೆ ಟೂತ್‌ಪಿಕ್ ತುದಿ ಸರಿಯಾಗುತ್ತದೆ.

ಇನ್ನೊಂದು ವಿಷಯ, ಸೀರಿಯಲ್ ಪ್ರಿಂಟ್ ಬಳಸಿದರೆ ಹೊಸ ಪ್ಯಾಕೇಜ್‌ಗಳಲ್ಲಿ ಟೈನಿಯುಎಸ್‌ಬಿ ಲೈಬ್ರರಿಯನ್ನೂ ಮೇಲೆ ಸೇರಿಸಬೇಕು, ಇಲ್ಲದಿದ್ದರೆ ಲಿಂಕ್ ಮಾಡುವಾಗ ಎರರ್. ಮತ್ತೆ ಸೀರಿಯಲ್ ಮಾನಿಟರ್ ತೆರೆಯುವ ತನಕ ಕಾಯುವ ವೈಲ್ ಸಾಲು ಬಹಳ ಉದಾಹರಣೆಗಳಲ್ಲಿ ಇರುತ್ತದೆ. ಬ್ಯಾಟರಿಯಲ್ಲಿ ನಡೆಯುವ ಬೋರ್ಡಿಗೆ ಯಾರೂ ಮಾನಿಟರ್ ತೆರೆಯುವುದಿಲ್ಲ ಅಲ್ವಾ, ಅದು ಅಲ್ಲೇ ಕಾಯುತ್ತಾ ನಿಂತಿರುತ್ತದೆ. ಆ ಸಾಲನ್ನು ತೆಗೆದೇ ಹಾಕಬೇಕು.

ಸೆನ್ಸರ್ ಜೋಡಣೆಗೆ ನಾಲ್ಕೇ ತಂತಿ. 3.3 ವೋಲ್ಟ್, ಗ್ರೌಂಡ್, ಡಿ4ಕ್ಕೆ ಎಸ್‌ಡಿಎ, ಡಿ5ಕ್ಕೆ ಎಸ್‌ಸಿಎಲ್. 5 ವೋಲ್ಟ್ ಪಿನ್ನಿಗೆ ಕೊಡಬೇಡಿ, ಎಸ್‌ಎಚ್‌ಟಿ40 ಚಿಪ್ಪಿನ ಮಿತಿ 3.6 ವೋಲ್ಟ್. ಈ ತಂತಿಗಳಲ್ಲಿ ಯಾವ ಚಿಪ್ ಇದೆ ಅಂತ ಹುಡುಕುವ ಐ2ಸಿ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿದಾಗ ಹೆಕ್ಸ್ (16ರ ಲೆಕ್ಕದ ಸಂಖ್ಯೆ) 44 ಅನ್ನೋ ವಿಳಾಸ ಬಂದರೆ ಸೆನ್ಸರ್ ಸಿಕ್ಕಿತು ಅಂತ ಅರ್ಥ.

ಇಷ್ಟಾದ ಮೇಲೆ ಬ್ಲೂಟೂತ್. ಬ್ಲೂಟೂತ್ ಅಂದ ಕೂಡಲೇ ಪೇರ್ ಮಾಡಬೇಕು, ಕನೆಕ್ಟ್ ಆಗಬೇಕು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸೆನ್ಸರ್‌ಗೆ ಅದು ಯಾವುದೂ ಬೇಡ. ಬ್ಲೂಟೂತ್ ಲೋ ಎನರ್ಜಿಯಲ್ಲಿ ಅಡ್ವರ್ಟೈಸಿಂಗ್ ಅಂತ ಒಂದು ಇದೆ. ಬೋರ್ಡ್ ಆಗಾಗ ಎದ್ದು ನಾನು ಇದ್ದೇನೆ ಅಂತ ಒಂದು ಪುಟ್ಟ ಪ್ಯಾಕೆಟ್ ಬಿಡುತ್ತದೆ. ಸಂತೆಯಲ್ಲಿ ತರಕಾರಿಯವರು ಬೆಲೆ ಕೂಗುವ ಹಾಗೆ, ಯಾರು ಕೇಳಿಸಿಕೊಂಡರು ಅನ್ನೋ ಚಿಂತೆ ಅದಕ್ಕಿಲ್ಲ. ಆ ಪ್ಯಾಕೆಟ್ಟಿನಲ್ಲೇ ಬಿಸಿ, ತೇವ ತುಂಬಿಸಿ ಕಳಿಸಿದರೆ ಕೆಲಸ ಮುಗಿಯಿತು. ಸಂಪರ್ಕ ಕಡಿದುಹೋಯಿತು, ಮತ್ತೆ ಜೋಡಿಸಬೇಕು ಅನ್ನೋ ತಲೆನೋವೇ ಇಲ್ಲ. ಒಬ್ಬರು ಕೇಳಲಿ, ಐದು ಜನ ಕೇಳಲಿ, ಬೋರ್ಡಿಗೆ ಖರ್ಚು ಅಷ್ಟೇ. ಬ್ಯಾಟರಿಯಲ್ಲಿ ನಡೆಯುವ ಯಾವ ಸೆನ್ಸರ್ ಕಟ್ಟಿದರೂ ಮೊದಲು ಈ ದಾರಿಯನ್ನೇ ನೋಡಿ ಅಂತ ನಾನು ಒತ್ತಿ ಹೇಳುತ್ತೇನೆ.

ಒಂದು ಪ್ಯಾಕೆಟ್ಟಿನಲ್ಲಿ ಜಾಗ ಇರುವುದು 31 ಬೈಟ್ ಮಾತ್ರ. ಅದನ್ನು ಹೇಗೆ ತುಂಬಿಸಬೇಕು ಅನ್ನುವುದಕ್ಕೆ ನಮ್ಮದೇ ಲೆಕ್ಕ ಹಾಕುವುದಕ್ಕಿಂತ ಬಿಟಿಹೋಮ್ ಅನ್ನೋ ಮುಕ್ತ ಪದ್ಧತಿಯ ಎರಡನೇ ಆವೃತ್ತಿಯನ್ನು ಹಿಡಿದೆ. ಮನೆಯ ಸೆನ್ಸರುಗಳನ್ನೆಲ್ಲ ಒಂದೆಡೆ ತೋರಿಸುವ ಹೋಮ್ ಅಸಿಸ್ಟೆಂಟ್ ಅನ್ನೋ ಪ್ರೋಗ್ರಾಂ ಅದನ್ನು ತಾನಾಗಿಯೇ ಗುರುತಿಸುತ್ತದೆ, ಆ ಕಡೆಗೆ ಒಂದು ಸಾಲು ಕೋಡ್ ಕೂಡ ಬರೆಯಬೇಕಿಲ್ಲ. ತುಂಬಿಸುವ ಬಗೆ ಹೀಗೆ. ಮೊದಲ 3 ಬೈಟ್ ಫ್ಲ್ಯಾಗ್. ಆಮೇಲೆ ಉದ್ದ, ನಂತರ ಸರ್ವಿಸ್ ಡೇಟಾ ಅಂತ ಹೇಳುವ ಹೆಕ್ಸ್ 16, ನಂತರ ಬಿಟಿಹೋಮ್‌ನ ಗುರುತು ಎಫ್‌ಸಿಡಿ2. ಇದನ್ನು ತಿರುಗಿಸಿ ಡಿ2, ಎಫ್‌ಸಿ ಅಂತ ಕಳಿಸಬೇಕು. ಆಮೇಲೆ 40, ಅಂದರೆ ಎರಡನೇ ಆವೃತ್ತಿ, ಗೂಢಲಿಪಿ ಇಲ್ಲ. ಅಲ್ಲಿಂದ ಮುಂದೆ ಅಳತೆಗಳು. 00 ಅಂದರೆ ಪ್ಯಾಕೆಟ್ ನಂಬರು, 01 ಬ್ಯಾಟರಿ ಶೇಕಡಾ, 02 ಬಿಸಿ, 03 ತೇವ, 0ಸಿ ವೋಲ್ಟೇಜ್. ಸಣ್ಣದರಿಂದ ದೊಡ್ಡದಕ್ಕೆ ಇದೇ ಕ್ರಮದಲ್ಲಿ ಇರಬೇಕು, ಇದು ಪದ್ಧತಿಯ ನಿಯಮ.

ಬಿಸಿಯನ್ನು 100ರಿಂದ ಗುಣಿಸಿ ಪೂರ್ಣಾಂಕ ಮಾಡಿ ಎರಡು ಬೈಟಿನಲ್ಲಿ ಇಡಬೇಕು. 25.00 ಡಿಗ್ರಿ ಅಂದರೆ 2500, ಹೆಕ್ಸ್‌ನಲ್ಲಿ 09ಸಿ4. ಕಳಿಸುವಾಗ ಸಣ್ಣ ಬೈಟ್ ಮೊದಲು, ಸಿ4 ಆಮೇಲೆ 09. ತೇವಕ್ಕೂ ಇದೇ ಲೆಕ್ಕ. ವೋಲ್ಟೇಜನ್ನು ಮಾತ್ರ 1000ದಿಂದ ಗುಣಿಸಬೇಕು. ಎಲ್ಲ ಸೇರಿಸಿದರೆ 21 ಬೈಟ್ ಆಗುತ್ತದೆ. ಉಳಿದ 10 ಬೈಟಿನಲ್ಲಿ ಹೆಸರಿಗೆ 2 ಬೈಟ್ ತಲೆಪಟ್ಟಿ ಕಳೆದರೆ 8 ಬೈಟ್. ಹುಳು ಅಂತ ಕನ್ನಡದಲ್ಲೇ ಹೆಸರಿಡೋಣ ಅನ್ನಿಸಿತ್ತು, ಆದರೆ ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತದ ಗುರುತಿಗೂ 3 ಬೈಟ್ ಬೇಕು. ಹುಳು ಅನ್ನುವುದಕ್ಕೇ 12 ಆಯಿತು. ಹಾಗಾಗಿ ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ, ಫೋನಿನ ಪರದೆ ಮೇಲೆ ಕನ್ನಡ ಅಂತ ಮಾಡಿಕೊಂಡೆ.

ಕೋಡ್ ದೊಡ್ಡದಲ್ಲ. ಸೆಟಪ್‌ನಲ್ಲಿ ಬ್ಲೂಫ್ರೂಟ್ ಶುರು ಮಾಡುವುದು, ಕನೆಕ್ಟ್ ಆಗಲು ಬಿಡದ ಥರದ ಅಡ್ವರ್ಟೈಸಿಂಗ್ ಆರಿಸುವುದು, ಎರಡು ಕೂಗಿನ ನಡುವಿನ ಅಂತರ ಹೇಳುವುದು. ಈ ಅಂತರದ ಲೆಕ್ಕ 0.625 ಮಿಲಿ ಸೆಕೆಂಡಿನ ತುಣುಕುಗಳಲ್ಲಿ. 2 ಸೆಕೆಂಡಿಗೆ ಒಮ್ಮೆ ಬೇಕು ಅಂದರೆ 3200 ಅಂತ ಕೊಡಬೇಕು. ವೇಗದ ಅಂತರ, ನಿಧಾನದ ಅಂತರ ಅಂತ ಎರಡು ಕೇಳುತ್ತದೆ, ಎರಡಕ್ಕೂ 3200ನ್ನೇ ಕೊಟ್ಟೆ. ಲೂಪ್‌ನಲ್ಲಿ ಅಳೆಯುವುದು, ಅಡ್ವರ್ಟೈಸಿಂಗ್ ನಿಲ್ಲಿಸಿ ಹಳೇ ಡೇಟಾ ಅಳಿಸಿ ಹೊಸದು ತುಂಬಿಸಿ ಮತ್ತೆ ಶುರು ಮಾಡುವುದು, ಆಮೇಲೆ ಒಂದು ನಿಮಿಷದ ಡಿಲೇ. ಸಾಧಾರಣ ಆರ್ಡುಯಿನೋದಲ್ಲಿ ಡಿಲೇ ಅಂದರೆ ಚಿಪ್ ಎಚ್ಚರವಾಗೇ ಇದ್ದು ಎಣಿಸುತ್ತಾ ಕೂರುವುದು. ಇಲ್ಲಿ ಹಾಗಲ್ಲ. ಒಳಗೆ ಫ್ರೀಆರ್‌ಟಿಒಎಸ್ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಂ ಇದೆ, ಡಿಲೇ ಅಂದ ಕೂಡಲೇ ಅದು ಚಿಪ್ಪನ್ನು ಮಲಗಿಸುತ್ತದೆ, ರೇಡಿಯೋ ಮಾತ್ರ ತನ್ನ ಹೊತ್ತಿಗೆ ಎದ್ದು ಕೂಗಿ ಮಲಗುತ್ತದೆ. ನಿದ್ದೆ ಮಾಡಿಸಲು ಬೇರೆ ಕೋಡ್ ಬೇಡ. ಈ ಲೈಬ್ರರಿ ನನಗೆ ಇಷ್ಟವಾಗಲು ಇದೇ ದೊಡ್ಡ ಕಾರಣ.

ಹೀಗೆ ಒಂದೇ ಅಳತೆಯನ್ನು ನಿಮಿಷದಲ್ಲಿ 30 ಸಲ ಕೂಗುವುದರಿಂದ ನಡುವೆ ಎಷ್ಟೋ ಕಳೆದುಹೋದರೂ ತೊಂದರೆಯಿಲ್ಲ, ಒಂದು ತಲುಪಿದರೆ ಸಾಕು. ಪ್ರತಿ ಕೂಗೂ 37, 38, 39 ಅನ್ನೋ ಮೂರು ಚಾನೆಲ್‌ಗಳಲ್ಲಿ ಹೋಗುತ್ತದೆ. ವೈಫೈನವರು ಹೆಚ್ಚಾಗಿ ಬಳಸುವ 1, 6, 11ನೇ ಚಾನೆಲ್‌ಗಳ ನಡುವಿನ ಸಂದಿ ನೋಡಿಯೇ ಈ ಮೂರನ್ನೂ ಇಟ್ಟಿದ್ದಾರೆ. ಹಾಗಾಗಿ ಮನೆಯ ವೈಫೈ ಇದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ.

ಫೋನಿನಲ್ಲಿ ಎನ್‌ಆರ್‌ಎಫ್ ಕನೆಕ್ಟ್ ಆ್ಯಪ್ ಹಾಕಿ ಸ್ಕ್ಯಾನ್ ಒತ್ತಿದರೆ ಬೋರ್ಡಿನ ಹೆಸರು, ಕಚ್ಚಾ ಬೈಟುಗಳು, ಸಿಗ್ನಲ್ ಬಲ ಮೂರೂ ಕಾಣುತ್ತವೆ. ಬೈಟುಗಳನ್ನು ಪೇಪರಿನ ಮೇಲೆ ಬರೆದುಕೊಂಡು ಒಂದೊಂದಾಗಿ ಬಿಡಿಸಿ ನೋಡಿ. ಪರದೆ ಮೇಲಿನ ಸಿ4 09 ನಿಜವಾಗಿ 25 ಡಿಗ್ರಿ ಅಂತ ಕಂಡಾಗ ಆಗುವ ಖುಷಿಯೇ ಬೇರೆ.

ಬ್ಯಾಟರಿ ಕಡೆಗೆ ಬರೋಣ, ಹೊತ್ತು ಜಾಸ್ತಿ ಹಿಡಿದದ್ದು ಇದಕ್ಕೇ. ಬೆಂಗಳೂರಿನ ಎಸ್‌ಪಿ ರೋಡಿನಿಂದ 500 ಮಿಲಿ ಆಂಪ್ ಅವರ್‌ನ ಲಿಥಿಯಂ ಪಾಲಿಮರ್ ಸೆಲ್ ತಂದೆ, ಒಳಗೇ ರಕ್ಷಣೆ ಸರ್ಕ್ಯೂಟ್ ಇರುವಂಥದ್ದು. ಈ ಸೆಲ್‌ಗಳ ಕನೆಕ್ಟರಿನಲ್ಲಿ ಕೆಂಪು ತಂತಿ ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತದೆ, ಬಣ್ಣ ನಂಬಬೇಡಿ, ಮಲ್ಟಿಮೀಟರ್ ಇಟ್ಟು ನೋಡಿಯೇ ಬೆಸೆಯಿರಿ. ಬ್ಯಾಟರಿ ಪ್ಯಾಡ್‌ಗಳು ಬೋರ್ಡಿನ ಹಿಂಬದಿಯಲ್ಲಿವೆ, ಬಹಳ ಸಣ್ಣವು. ತೆಳು ತಂತಿ ಬೆಸೆದು ಮೇಲೆ ಬಿಸಿ ಅಂಟು ಒಂದು ತೊಟ್ಟು ಹಾಕಿ, ಇಲ್ಲದಿದ್ದರೆ ತಂತಿ ಎಳೆದಾಗ ಪ್ಯಾಡೇ ಕಿತ್ತು ಬರುತ್ತದೆ. ಎರಡು ತಂತಿಯನ್ನೂ ಒಟ್ಟಿಗೆ ಕತ್ತರಿಸಬೇಡಿ, ಕತ್ತರಿಯಲ್ಲೇ ಶಾರ್ಟ್ ಆಗುತ್ತದೆ. ಚಾರ್ಜ್ ಆಗುವುದು ಮೊದಲಿಂದ 50 ಮಿಲಿ ಆಂಪ್‌ನಲ್ಲಿ, ಪಿ0.13 ಪಿನ್ನನ್ನು ಲೋ ಮಾಡಿದರೆ 100. ಆಗೊಮ್ಮೆ ಈಗೊಮ್ಮೆ ಚಾರ್ಜ್ ಮಾಡುವುದಕ್ಕೆ 50 ಸಾಕು, ರಾತ್ರಿ ಹಾಕಿದರೆ ಬೆಳಗ್ಗೆ ತುಂಬಿರುತ್ತದೆ, ಸೆಲ್ಲಿಗೂ ಒಳ್ಳೆಯದು.

ಬ್ಯಾಟರಿ ವೋಲ್ಟೇಜ್ ಓದಲು ಬೋರ್ಡಿನಲ್ಲೇ ವ್ಯವಸ್ಥೆ ಇದೆ. ಪಿ0.14 ಲೋ ಮಾಡಿದರೆ 1 ಮೆಗಾ ಓಮ್ ಮತ್ತು 510 ಕಿಲೋ ಓಮ್‌ನ ಜೋಡಿಯ ಮೂಲಕ ಪಿ0.31ರಲ್ಲಿ ಸುಮಾರು ಮೂರನೇ ಒಂದು ಭಾಗ ವೋಲ್ಟೇಜ್ ಸಿಗುತ್ತದೆ, 2.96ರಿಂದ ಗುಣಿಸಬೇಕು. ಕರೆಂಟು ಉಳಿಸೋಣ ಅಂತ ಓದಿದ ಮೇಲೆ ಪಿ0.14ನ್ನು ಹೈ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಆಗ ಪಿ0.31ರ ಮೇಲಿನ ವೋಲ್ಟೇಜ್ ಚಿಪ್ಪಿನ 3.6 ವೋಲ್ಟ್ ಮಿತಿಯ ಹತ್ತಿರ ಹೋಗುತ್ತದೆ, ಪಿನ್ ಸುಟ್ಟುಹೋಗಬಹುದು ಅಂತ ಸೀಡ್‌ನವರೇ ಎಚ್ಚರಿಸಿದ್ದಾರೆ. ಲೋನಲ್ಲೇ ಬಿಟ್ಟರೆ ಖರ್ಚಾಗುವುದೆಷ್ಟು? 4.2 ವೋಲ್ಟನ್ನು 1.51 ಮೆಗಾ ಓಮ್‌ನಿಂದ ಭಾಗಿಸಿ, 2.8 ಮೈಕ್ರೋ ಆಂಪ್. ಅಷ್ಟಕ್ಕೆ ಪಿನ್ನನ್ನು ಪಣಕ್ಕಿಡಬೇಕಿಲ್ಲ.

ಕರೆಂಟು ಸೋರುವ ಜಾಗಗಳು ಬೇರೆ ಇವೆ. ಬ್ಲೂಫ್ರೂಟ್ ಅಡ್ವರ್ಟೈಸ್ ಮಾಡುವಾಗ ನೀಲಿ ಎಲ್‌ಇಡಿಯನ್ನು ತಾನಾಗಿಯೇ ಮಿನುಗಿಸುತ್ತದೆ. ನೋಡಲು ಚೆಂದ, ಆದರೆ ಉಳಿದೆಲ್ಲ ಸೇರಿ ತಿನ್ನುವುದಕ್ಕಿಂತ ಅದೇ ಜಾಸ್ತಿ ತಿನ್ನುತ್ತದೆ. ಆಟೋ ಕನೆಕ್ಷನ್ ಎಲ್‌ಇಡಿ ಅನ್ನೋದನ್ನು ಫಾಲ್ಸ್ ಮಾಡಿ. ಇನ್ನೊಂದು, ಬೋರ್ಡಿನ ಮೇಲೆ ಪ್ರತ್ಯೇಕವಾದ 2 ಎಂಬಿ ಫ್ಲ್ಯಾಶ್ ಚಿಪ್ ಇದೆ. ನಾವು ಬಳಸದಿದ್ದರೂ ಅದು ಅರೆ ಎಚ್ಚರದಲ್ಲಿ ಇರುತ್ತದೆ. ಅದಕ್ಕೆ ಬಿ9 ಅನ್ನೋ ಕಮಾಂಡ್ ಕೊಟ್ಟರೆ ಗಾಢ ನಿದ್ದೆಗೆ ಹೋಗುತ್ತದೆ, ಸೆಟಪ್‌ನಲ್ಲಿ ಒಮ್ಮೆ ಕೊಟ್ಟರೆ ಸಾಕು. ಸೀರಿಯಲ್ ಪ್ರಿಂಟ್‌ಗಳನ್ನೂ ಕೊನೆಗೆ ತೆಗೆದುಹಾಕಿದೆ.

ಅಳೆಯುವಾಗ ಒಂದು ಉಪಾಯ ಬೇಕು. ಸಾಧಾರಣ ಮಲ್ಟಿಮೀಟರ್‌ನ ಮೈಕ್ರೋ ಆಂಪ್ ರೇಂಜಿನಲ್ಲಿ ಒಳಗಿನ ರೆಸಿಸ್ಟರ್ ದೊಡ್ಡದು. ಬೋರ್ಡ್ ಏಳುವಾಗ ಕೆಲವು ಮಿಲಿ ಆಂಪ್ ಎಳೆಯುತ್ತದೆ, ಅಷ್ಟರಲ್ಲಿ ಮೀಟರಿನಲ್ಲೇ ವೋಲ್ಟೇಜ್ ಬಿದ್ದು ಬೋರ್ಡ್ ರೀಸೆಟ್ ಆಗುತ್ತಾ ಕೂರುತ್ತದೆ. ಮೀಟರಿನ ಎರಡು ಕಡ್ಡಿಗಳ ನಡುವೆ ಒಂದು ಕ್ಲಿಪ್ ತಂತಿ ಹಾಕಿ, ಬೋರ್ಡ್ ಮಲಗಿದ ಮೇಲೆ ಅದನ್ನು ತೆಗೆಯಿರಿ. ಆಗ ಸರಿಯಾದ ಅಂಕಿ ಕಾಣುತ್ತದೆ. ಯುಎಸ್‌ಬಿ ಕೇಬಲ್ ತೆಗೆದಿರಬೇಕು. ನಾರ್ಡಿಕ್‌ನವರ ಪವರ್ ಪ್ರೊಫೈಲರ್ ಕಿಟ್ ಸಿಕ್ಕಿದರೆ ಒಂದೊಂದು ಕೂಗೂ ಗ್ರಾಫಿನಲ್ಲಿ ಕಾಣುತ್ತದೆ. ಸರಾಸರಿ 50 ಮೈಕ್ರೋ ಆಂಪ್ ಒಳಗೆ ತಂದರೆ 500 ಮಿಲಿ ಆಂಪ್ ಅವರ್‌ಗೆ ಲೆಕ್ಕದಲ್ಲಿ 10,000 ಗಂಟೆ, ಒಂದು ವರ್ಷದ ಮೇಲೆ. ಸೆಲ್ ತಾನಾಗಿ ಇಳಿಯುವುದನ್ನು ಕಳೆದರೂ ಹಲವು ಬೆಳೆ ಆರಾಮಾಗಿ ದಾಟುತ್ತದೆ.

ಹುಳು ಮನೆಗೆ ಒಯ್ಯುವ ಮುಂಚೆ ಸೆನ್ಸರ್ ನಿಜ ಹೇಳುತ್ತಿದೆಯಾ ಅಂತ ನೋಡಬೇಕು. ಅದಕ್ಕೆ ಅಡುಗೆ ಮನೆಯ ಉಪ್ಪು ಸಾಕು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ ಸ್ವಲ್ಪವೇ ನೀರು ಬೆರೆಸಿ, ಪೂರ್ತಿ ಕರಗಬಾರದು, ಒದ್ದೆ ಮರಳಿನ ಹದ ಇರಬೇಕು. ಅದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಜೊತೆಗೆ ಬೋರ್ಡನ್ನೂ ಇಟ್ಟು ಮುಚ್ಚಿಬಿಡಿ, ಉಪ್ಪು ಸೆನ್ಸರಿಗೆ ತಾಗಬಾರದು. ರಾತ್ರಿಯಿಡೀ ಬಿಟ್ಟರೆ ಡಬ್ಬಿಯೊಳಗಿನ ತೇವ ಶೇ 75ಕ್ಕೆ ಬಂದು ನಿಲ್ಲುತ್ತದೆ, ಸಾಧಾರಣ ಬಿಸಿಯಲ್ಲಿ ಅದು ಹೆಚ್ಚು ಕಡಿಮೆ ಆಗುವುದಿಲ್ಲ. ಬ್ಲೂಟೂತ್ ಇರುವುದರಿಂದ ಡಬ್ಬಿ ತೆರೆಯದೆಯೇ ಹೊರಗಿನಿಂದ ಓದಬಹುದು. ನನ್ನದು ಹೇಳಿದ ಮಿತಿಯೊಳಗೇ ಇತ್ತು. ನಮಗೆ ಬೇಕಾದ 70–80ರ ನಡುವೆಯೇ ಈ ಪರೀಕ್ಷೆ ಆಗುವುದು ಇನ್ನೂ ಅನುಕೂಲ.

ಡಬ್ಬಿ ಪ್ಲಾಸ್ಟಿಕ್ಕಿನದೇ ಇರಲಿ, ಲೋಹದ್ದು ಸಿಗ್ನಲ್ ತಡೆಯುತ್ತದೆ. ಆಂಟೆನಾ ಇರುವುದು ಯುಎಸ್‌ಬಿಗೆ ಎದುರು ತುದಿಯಲ್ಲಿ, ಅದರ ಕೆಳಗೆ ಬ್ಯಾಟರಿ ಬರದಂತೆ ಜೋಡಿಸಿದೆ. ಸೆನ್ಸರನ್ನು ಡಬ್ಬಿಯ ಹೊರಗೆ, ಗೇಣುದ್ದದ ತಂತಿಯಲ್ಲಿ ಮುಖ ಕೆಳಗೆ ಮಾಡಿ ನೇತುಹಾಕಿದೆ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ, ಮುಖ ಮೇಲಿದ್ದರೆ ಅದೆಲ್ಲ ಸೆನ್ಸರ್ ಒಳಗೆ. ಡಬ್ಬಿಯ ಜಾಗ ಗೋಡೆಯಲ್ಲ, ಮಧ್ಯದ ಅಟ್ಟಣಿಗೆಯ ಎರಡನೇ ಅಂತಸ್ತು, ಹಾಸಿಗೆಯ ಮಟ್ಟ. ಹುಳುವಿಗೆ ತಾಗುವ ಬಿಸಿ ಅಲ್ಲಿನದು.

ಸೆನ್ಸರಿನ ನಿಜವಾದ ಶತ್ರು ಸೋಂಕು ನಿವಾರಣೆ. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ದ್ರಾವಣವನ್ನೋ ಫಾರ್ಮಲಿನ್ನನ್ನೋ ಮನೆಯೆಲ್ಲ ಹೊಡೆಯುತ್ತಾರೆ. ಆ ಆವಿ ತೇವ ಅಳೆಯುವ ಪದರಕ್ಕೆ ಸೇರಿದರೆ ಅಳತೆ ಜಾರುತ್ತದೆ, ತಂತಿಯ ತಾಮ್ರವೂ ಹಸಿರಾಗುತ್ತದೆ. ಅದಕ್ಕೇ ಡಬ್ಬಿಯನ್ನು ಸ್ಕ್ರೂ ಹೊಡೆಯದೆ ಕೊಕ್ಕೆಗೆ ಸಿಕ್ಕಿಸಿದೆ. ಸ್ಪ್ರೇಗೆ ಮುಂಚೆ ತೆಗೆದು ಮನೆಗೆ ತರುವುದು, ಚಾರ್ಜಿಗೆ ಹಾಕುವುದು, ವಾಸನೆ ಪೂರ್ತಿ ಹೋದ ಮೇಲೆ ವಾಪಸ್ ಸಿಕ್ಕಿಸುವುದು. ಚಿಕ್ಕಮ್ಮ ಈ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಶೇ 80ರ ಮೇಲೆ ಬಹಳ ದಿನ ಇದ್ದರೆ ಈ ಥರದ ಸೆನ್ಸರ್ ಸ್ವಲ್ಪ ಜಾಸ್ತಿಯೇ ತೋರಿಸಲು ಶುರು ಮಾಡುತ್ತದೆ, ಒಣ ಜಾಗದಲ್ಲಿಟ್ಟರೆ ಮತ್ತೆ ಸರಿಹೋಗುತ್ತದೆ. ಚಿಪ್ಪಿನಲ್ಲಿ ಪುಟ್ಟ ಹೀಟರ್ ಕೂಡ ಇದೆ. ಆದರೆ 200 ಮಿಲಿ ವ್ಯಾಟ್‌ನಲ್ಲಿ ಅದು ಸುಮಾರು 60 ಮಿಲಿ ಆಂಪ್ ಎಳೆಯುತ್ತದೆ. ದಿನಕ್ಕೊಮ್ಮೆ ಒಂದು ಸೆಕೆಂಡಿನಂತೆ ಮಾತ್ರ ಹಾಕಿದ್ದೇನೆ, ಆ ನಿಮಿಷದ ಅಳತೆಯನ್ನು ಕಳಿಸುವುದಿಲ್ಲ.

ಕೇಳಿಸಿಕೊಳ್ಳುವ ಕಡೆಗೆ ಇಎಸ್‌ಪಿ32ನ್ನೇ ಇಟ್ಟೆ. ಅದು ಪಕ್ಕದ ವಾಸದ ಮನೆಯ ಕಿಟಕಿಯಲ್ಲಿ, ಯುಪಿಎಸ್‌ಗೆ ಸಿಕ್ಕಿಸಿದ್ದು, ಇಎಸ್‌ಪಿಹೋಮ್‌ನ ಬ್ಲೂಟೂತ್ ಪ್ರಾಕ್ಸಿ ಅನ್ನೋ ಪ್ರೋಗ್ರಾಂ ಹಾಕಿದ್ದು. ಅದು ಕೇಳಿದ್ದನ್ನು ವೈಫೈ ಮೂಲಕ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನಲ್ಲಿರುವ ಹೋಮ್ ಅಸಿಸ್ಟೆಂಟ್‌ಗೆ ಮುಟ್ಟಿಸುತ್ತದೆ. ಬೋರ್ಡ್ ತಾನಾಗಿಯೇ ಪಟ್ಟಿಯಲ್ಲಿ ಕಾಣಿಸಿತು. ಹುಳುವಿಗೆ ಕಾಟ ಕೊಡುವ ಊಜಿ ನೊಣ ಬರದಿರಲು ಕಟ್ಟಿದ ನೈಲಾನ್ ಪರದೆ ಸಿಗ್ನಲ್‌ಗೆ ಏನೂ ಮಾಡಲಿಲ್ಲ. ಆದರೆ ಇಲಿ ಬರದಿರಲು ಹಾಕಿದ ಕಬ್ಬಿಣದ ಜಾಲರಿ, ಬಿಸಿಲಿಗೆ ಇಳಿಬಿಟ್ಟ ಒದ್ದೆ ಗೋಣಿ, ಅಟ್ಟಣಿಗೆ ತುಂಬ ಹಸಿ ಸೊಪ್ಪು, ಇವು ಮೂರೂ ಸೇರಿದಾಗ ಸಿಗ್ನಲ್ ಬಹಳ ಇಳಿಯಿತು. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರುತ್ತದೆ, ಸಣ್ಣ ಕಣ್ಣಿನ ಲೋಹದ ಜಾಲರಿ ತಡೆಯುತ್ತದೆ. ಹಾಗಾಗಿ ಖಾಲಿ ಹುಳು ಮನೆಯಲ್ಲಿ ಪರೀಕ್ಷೆ ಮಾಡಿ ಸರಿ ಇದೆ ಅಂತ ಬಂದುಬಿಡಬೇಡಿ, ಸೊಪ್ಪು ಹಾಕಿ ಗೋಣಿ ನೆನೆಸಿದ ಮೇಲೆ ನೋಡಿ. ಕಳಿಸುವ ಶಕ್ತಿಯನ್ನು 0ಯಿಂದ 4 ಡಿಬಿಎಂಗೆ ಏರಿಸಿ, ಇಎಸ್‌ಪಿ32ನ್ನು ಬಾಗಿಲ ನೇರಕ್ಕಿರುವ ಕಿಟಕಿಗೆ ಸರಿಸಿದೆ. ಈ ಚಿಪ್ಪಿನಲ್ಲಿ 8ರ ತನಕ ಏರಿಸಬಹುದು, ಬೇಕಾಗಲಿಲ್ಲ.

ಈಗ ಬಿಸಿ 28 ದಾಟಿದರೆ ಅಥವಾ 22ಕ್ಕಿಂತ ಇಳಿದರೆ, ಹತ್ತು ನಿಮಿಷ ಹಾಗೇ ಇದ್ದರೆ, ಚಿಕ್ಕಪ್ಪನ ಫೋನ್ ಕೂಗುತ್ತದೆ. ಅರ್ಧ ಗಂಟೆ ಯಾವ ಅಳತೆಯೂ ಬರದಿದ್ದರೂ ಕೂಗುತ್ತದೆ. ಈ ಎರಡನೆಯದನ್ನು ಯಾರೂ ಮರೆಯಬಾರದು, ಸೆನ್ಸರ್ ಸತ್ತು ಸುಮ್ಮನಿರುವುದೂ ಎಲ್ಲ ಸರಿಯಿದ್ದು ಸುಮ್ಮನಿರುವುದೂ ಫೋನಿನಲ್ಲಿ ಒಂದೇ ಥರ ಕಾಣುತ್ತದೆ. ಬೋರ್ಡಿನಲ್ಲೂ ವಾಚ್‌ಡಾಗ್ ಹಾಕಿದ್ದೇನೆ, ಮೂರು ನಿಮಿಷ ಲೂಪ್ ತಿರುಗದಿದ್ದರೆ ಚಿಪ್ ತಾನೇ ರೀಸೆಟ್ ಆಗುತ್ತದೆ. ಅಳತೆಗಳಿಗೆ ಗೂಢಲಿಪಿ ಹಾಕಿಲ್ಲ, ಹುಳು ಮನೆಯ ಬಿಸಿ ಎಷ್ಟು ಅಂತ ರಸ್ತೆಯಲ್ಲಿ ಹೋಗುವವರು ಓದಿಕೊಂಡರೆ ಓದಿಕೊಳ್ಳಲಿ. ಬೇಕಾದವರಿಗೆ ಬಿಟಿಹೋಮ್‌ನಲ್ಲಿ ಆ ಅನುಕೂಲವೂ ಇದೆ.

ಮುಂದಿನ ಬೆಳೆಗೆ ಮೇಲಿನ ಅಂತಸ್ತಿಗೆ ಇನ್ನೊಂದು ಬೋರ್ಡ್ ಕಟ್ಟಬೇಕು. ಶೀಟಿನ ಕೆಳಗಿನ ಹಾಸಿಗೆಯೂ ನೆಲದ ಹತ್ತಿರದ ಹಾಸಿಗೆಯೂ ಒಂದೇ ಬಿಸಿಯಲ್ಲಿ ಇರುವುದಿಲ್ಲ ಅಂತ ಚಿಕ್ಕಪ್ಪ ಹೇಳುತ್ತಲೇ ಇದ್ದಾರೆ. ಕೋಡ್ ಅದೇ, ಹೆಸರಿನ ಕೊನೆಯ ಅಂಕಿಯೊಂದು ಬದಲಾದರೆ ಸಾಕು. ಈ ಸಲ ಸೆನ್ಸರಿಗೆ ತೆಳು ಪೊರೆಯ ಮುಚ್ಚಳ ಇರುವ ಮಾದರಿ ತರಿಸುತ್ತಿದ್ದೇನೆ, ಸುಣ್ಣದ ಪುಡಿಗೆ ಅದು ತಡೆಯಾಗುತ್ತದೆ.